ಕಿಟಕಿ ತೆರೆಯುವುದು ಎತ್ತ ಕಡೆಗೆ?

ಊರಿನಿಂದ ಅಪ್ಪ ಅಮ್ಮಂದಿರು ಬಂದ ಮೊದಲ ವಾರದಲ್ಲಿ ನಮ್ಮ ಸದಸ್ಯರ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಗಳಲ್ಲಿ ಎರಡು ಕಿಟಕಿಗೆ ಸಂಬಂಧಿಸಿದವು. ಮೊದಲನೆಯದು, "ಇದಕ್ಕೆ ಸರಳೇ ಇಲ್ಲವಲ್ಲ, ಕಳ್ಳ ನುಗ್ಗಿದರೆ?" ಎರಡನೆಯದು ಒಂದೆರಡು ದಿನ ಕಳೆದ ಮೇಲೆ, ಸಾಮಾನ್ಯವಾಗಿ ಅಮ್ಮನಿಂದ ಬರುವಂಥದು: "ಹೊರಗಡೆಯ ಗಾಜು ಒರೆಸೋದು ಹ್ಯಾಗೆ?" ಮೊದಲನೆಯದಕ್ಕೆ ನಾವೆಲ್ಲ ಏನೋ ಒಂದು ಸಮಾಧಾನ ಹೇಳಿ ತಪ್ಪಿಸಿಕೊಳ್ಳುತ್ತೇವೆ. ಎರಡನೆಯದಕ್ಕೆ ಸರಿಯಾಗಿ ಉತ್ತರ ಹೇಳಹೊರಟರೆ ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ನಾನು ಇತಿಹಾಸ ಓದಿದವರ ಪೈಕಿ ಅಲ್ಲ; ಹೊಟ್ಟೆಪಾಡು ರಸಾಯನಶಾಸ್ತ್ರ. ಗಾಜಿನ ಮೇಲೆ ನೀರು ಏನು ಮಾಡುತ್ತದೆ ಎಂಬ ವೃತ್ತಿಸಹಜ ಕುತೂಹಲದಿಂದ ಹೊರಟವನು, ಓದುತ್ತ ಹೋದಂತೆ ಕಿಟಕಿಯ ಚರಿತ್ರೆಯಲ್ಲಿ ಸಿಕ್ಕಿಕೊಂಡೆ. ಅದರಿಂದ ನನಗೆ ತೋಚಿದ್ದು ಇಷ್ಟು. ಒಂದೊಂದು ನಾಡೂ ತಾನು ಯಾವುದಕ್ಕೆ ಹೆದರಿತೋ ಅದಕ್ಕೆ ತಕ್ಕಂತೆ ಕಿಟಕಿ ಮಾಡಿಕೊಂಡಿತು. ಒಂದಕ್ಕೆ ಬೆಂಕಿಯ ಭಯ, ಒಂದಕ್ಕೆ ಬಿರುಗಾಳಿಯದು, ಇನ್ನೊಂದಕ್ಕೆ ಕಳ್ಳನದು, ಕೋತಿಯದು, ತೆರಿಗೆಯವನದು. ಆದರೆ ಆ ಕಿಟಕಿಯನ್ನು ಒರೆಸುವವರು ಯಾರು, ಎಲ್ಲಿ ನಿಂತುಕೊಂಡು ಒರೆಸಬೇಕು ಎಂದು ಮೊದಲೇ ಯೋಚಿಸಿದ ನಾಡುಗಳು ಬಹಳ ಕಡಿಮೆ. ಆ ಲೆಕ್ಕ ಒರೆಸುವವರ ಪಾಲಿಗೇ ಬಂತು. ಕೆಲವರಿಗೆ ಪ್ರಾಣದ ಲೆಕ್ಕವಾಗಿಯೂ ಬಂತು.

ಮೊದಲು ನಮ್ಮ ಮನೆಯಿಂದಲೇ ಶುರುಮಾಡೋಣ. ಸಂಸ್ಕೃತದ ಗವಾಕ್ಷ ಎಂದರೆ ಹಸುವಿನ ಕಣ್ಣು. ಇಂಗ್ಲಿಷಿನ ವಿಂಡೋ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಅದರ ಅರ್ಥ ಗಾಳಿಯ ಕಣ್ಣು. ಅಲ್ಲಿಯೂ ಕಣ್ಣು, ಇಲ್ಲಿಯೂ ಕಣ್ಣು. ಪೋರ್ಚುಗೀಸರ ಜನೆಲಾ ಮಾತ್ರ ಲ್ಯಾಟಿನ್ನಿನ ಪುಟ್ಟ ಬಾಗಿಲು. ಅದೇ ಶಬ್ದ ಕೊಂಕಣಿಗೂ ಮಲಯಾಳಕ್ಕೂ ತಮಿಳಿಗೂ ಇಳಿದು ಜನೆಲ್, ಜನಲ್, ಜನ್ನಲ್ ಆಗಿ ಕುಳಿತಿದೆ. ನಾವು ಕನ್ನಡಿಗರು ಉತ್ತರದ ಖಿಡಕಿಯನ್ನು ಕಿಟಕಿ ಮಾಡಿಕೊಂಡೆವು. ಆದರೆ ಅದನ್ನು ಚೌಕಟ್ಟಿಗೆ ತಗುಲಿಸುವ ಬಿಜಾಗರಿ ಪೋರ್ಚುಗೀಸರ ಬಿಸಾಗ್ರಾ. ಕಿಟಕಿ ಒಬ್ಬರದು, ಬಿಜಾಗರಿ ಇನ್ನೊಬ್ಬರದು!

ನಮ್ಮ ಹಳೆಯ ಕಟ್ಟಡಗಳಲ್ಲಿ ಕಿಟಕಿ ತೆರೆಯುವ ವಸ್ತುವೇ ಅಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನ ಪ್ರತಿಷ್ಠೆಯಾದದ್ದು 1117ರಲ್ಲಿ. ಅದರ ನವರಂಗದ ಸುತ್ತ ಇರುವ ಕಲ್ಲಿನ ಜಾಲಂಧ್ರಗಳು ಆಮೇಲೆ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಸೇರಿದವು ಎನ್ನುತ್ತಾರೆ. ಗಾಳಿ ಬರುತ್ತದೆ, ಬೆಳಕು ಸೋಸಿ ಬರುತ್ತದೆ, ತೆರೆಯುವ ಮುಚ್ಚುವ ಪ್ರಶ್ನೆಯೇ ಇಲ್ಲ. ಉಡುಪಿಯಲ್ಲಿರುವ ಕನ್ನಡ ನಾಡಿನ ಅತಿ ಪ್ರಸಿದ್ಧ ಕಿಟಕಿ, ಅಂದರೆ ಕನಕನ ಕಿಂಡಿಯೂ ಅಷ್ಟೆ. ನೋಡುವುದಕ್ಕಿರುವುದೇ ಹೊರತು ತೆರೆಯುವುದಕ್ಕಲ್ಲ. ತೊಟ್ಟಿಮನೆಗಳಲ್ಲಿ ಬೆಳಕು ಬರುತ್ತಿದ್ದುದು ನಡುಮನೆಯ ತೊಟ್ಟಿಯಿಂದ, ಅಡಿಗೆಮನೆಗೆ ಹೆಂಚಿನ ನಡುವಿನ ಬೆಳಕಿಂಡಿಯಿಂದ. ಬೀದಿಯ ಕಡೆಗೆ ಒಂದೋ ಎರಡೋ ಕಿಟಕಿ, ಅದಕ್ಕೆ ಮರದ ಅಥವಾ ಕಬ್ಬಿಣದ ಸರಳು, ಮರದ ಕದ. ಗಾಜು ಎಂಬುದೇ ಇಲ್ಲದಿದ್ದ ಮೇಲೆ ಗಾಜು ಒರೆಸುವ ಪ್ರಶ್ನೆಯೆಲ್ಲಿ? ಹಬ್ಬಕ್ಕೆ ಮುಂಚೆ ಒದ್ದೆಬಟ್ಟೆಯಿಂದ ಸರಳುಗಳನ್ನು ಒರೆಸಿದರೆ ಮುಗಿಯಿತು. ನಮ್ಮ ಅಜ್ಜಿಯರ ಕಾಲದಲ್ಲಿ ದಿನವೂ ತೊಳೆಯಬೇಕಾಗಿದ್ದ ಗಾಜು ಲಾಟೀನಿನದು. ಅದಕ್ಕೆ ಒಲೆಯ ಬೂದಿ ಇತ್ತು. ಬೂದಿಯಲ್ಲಿರುವ ಕ್ಷಾರ ಎಣ್ಣೆಮಸಿಯನ್ನು ಎಷ್ಟು ಚೆನ್ನಾಗಿ ಬಿಡಿಸುತ್ತದೆ ಎಂಬುದನ್ನು ನಾನು ಪರೀಕ್ಷೆಗೆ ಓದುವ ಎಷ್ಟೋ ಮುಂಚೆ ಅವರಿಗೆ ಗೊತ್ತಿತ್ತು.

1809ರ ನಂತರ ಬೆಂಗಳೂರಿನಲ್ಲಿ ದಂಡು ಬಂದು ಬಂಗಲೆಗಳು ಎದ್ದಾಗ ಗಾಜಿನ ಕದಗಳೂ ಬಂದವು. ಹಳೆಯ ಬಂಗಲೆಗಳ ಕಿಟಕಿಯ ಮೇಲೆ ಮರದ ಪಟ್ಟಿಗಳಿಂದ ಮಾಡಿದ ಚೂಪಾದ ಮುಸುಕೊಂದು ಇರುತ್ತಿತ್ತು. ಅದಕ್ಕೆ ಮಂಕಿ ಟಾಪ್ ಎಂದು ಹೆಸರು. ಕೋತಿಗಳು ಒಳಗೆ ನುಗ್ಗದಿರಲೆಂದು ಎಂಬ ಮಾತೂ ಇದೆ. ಆದರೆ ಬಿಸಿಲು ಮಳೆಗಳನ್ನು ತಡೆಯುವುದರಲ್ಲಿ ಅದು ನಿಸ್ಸಂದೇಹವಾಗಿ ಜಾಣತನದ ಕೆಲಸ. ಕ್ರಮೇಣ ನಮ್ಮ ಮಧ್ಯಮವರ್ಗದ ಮನೆಗಳಲ್ಲೆಲ್ಲ ಒಂದೇ ಮಾದರಿ ನಿಂತಿತು: ಚೌಕಟ್ಟಿಗೆ ಸರಳು ಅಥವಾ ಗ್ರಿಲ್, ಅದರ ಹೊರಗೆ ಬಿಜಾಗರಿಯ ಮೇಲೆ ಹೊರಕ್ಕೆ ತೆರೆಯುವ ಗಾಜಿನ ಕದ, ಗಾಳಿಗೆ ಬಡಿಯದಂತೆ ಕೊಕ್ಕೆ, ಮೇಲೆ ಚಜ್ಜ. ಸರಳು ಅಡ್ಡ ಇರುವುದರಿಂದ ಕದ ಒಳಕ್ಕೆ ತೆರೆಯುವಂತಿಲ್ಲ. ಹೊರಕ್ಕೆ ತೆರೆದರೆ ಮಳೆಯ ನೀರೂ ಹೊರಗೇ ಸುರಿಯುತ್ತದೆ. ಎಲ್ಲ ಸರಿ, ಒರೆಸುವುದು? ನೆಲಮಹಡಿಯಾದರೆ ಅಂಗಳದಿಂದ. ಮೇಲಿನ ಮಹಡಿಯಾದರೆ ಸರಳುಗಳ ಸಂದಿಯಲ್ಲಿ ಮೊಣಕೈವರೆಗೆ ತೂರಿಸಿ, ಕೈಗೆ ಎಟುಕಿದಷ್ಟು. ಎಟುಕದ ಮೂಲೆಯಲ್ಲಿ ವರ್ಷಗಟ್ಟಲೆ ಧೂಳು ಕುಳಿತಿರುತ್ತಿತ್ತು. ಆದರೂ ಒಂದು ಮಾತು ನಿಜ: ಸರಳು ಇರುವ ಕಿಟಕಿಯಿಂದ ಯಾರೂ ಬೀಳುವುದಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಇಂಗ್ಲೆಂಡು. ನ್ಯೂಯಾರ್ಕಿನ ಕಿಟಕಿಯ ತವರುಮನೆ ಅದು. ಅಲ್ಲಿ 17ನೆಯ ಶತಮಾನದ ಕೊನೆಯ ದಶಕಗಳಲ್ಲಿ ಒಂದು ಹೊಸ ಕಿಟಕಿ ಬಳಕೆಗೆ ಬಂತು. ಬಿಜಾಗರಿ ಇಲ್ಲ, ಒಂದರ ಹಿಂದೊಂದು ಎರಡು ಗಾಜಿನ ಕದ, ಅವು ಬಾವಿಯ ಕೊಡದಂತೆ ಮೇಲೆ ಕೆಳಗೆ ಸರಿಯುತ್ತವೆ. ಚೌಕಟ್ಟಿನ ಇಕ್ಕೆಲಗಳಲ್ಲಿ ಟೊಳ್ಳು ಪೆಟ್ಟಿಗೆ, ಅದರೊಳಗೆ ರಾಟೆ, ಹಗ್ಗ, ಕದದ ತೂಕಕ್ಕೆ ಸಮನಾದ ಲೋಹದ ಗುಂಡು. ನಮ್ಮ ಏತದ ತತ್ವವೇ. ಸ್ಯಾಷ್ ಕಿಟಕಿ ಎಂದು ಇದರ ಹೆಸರು. ಎರಡೂ ಕದ ಸರಿಯುವುದಾದರೆ ಡಬಲ್ ಹಂಗ್.

1666ರ ಲಂಡನ್ನಿನ ಮಹಾ ಅಗ್ನಿಕಾಂಡದ ಭಯ ಆ ನಗರದ ಎಲುಬಿನಲ್ಲಿ ಉಳಿದಿತ್ತು. 1709ರ ಕಾನೂನು, ಕಿಟಕಿಯ ಮರದ ಚೌಕಟ್ಟು ಗೋಡೆಯ ಹೊರಮುಖದಿಂದ 4 ಅಂಗುಲ ಒಳಗಿರಬೇಕು ಎಂದಿತು. 1774ರದು, ಆ ಪೆಟ್ಟಿಗೆಯನ್ನು ಇಟ್ಟಿಗೆಯ ಹಿಂದೆ ಅಡಗಿಸಬೇಕು ಎಂದಿತು. ಉದ್ದೇಶವೆಲ್ಲ ಮರಕ್ಕೆ ಬೆಂಕಿ ತಗುಲದಿರಲಿ ಎಂಬುದೇ. ಇದರ ಮಧ್ಯೆ 1696ರಿಂದ 1851ರವರೆಗೆ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರು. ಜನ ಇದ್ದ ಕಿಟಕಿಗಳನ್ನೇ ಇಟ್ಟಿಗೆಯಿಂದ ಮುಚ್ಚಿಸಿಬಿಟ್ಟರು. ಬೆಳಕಿಗೂ ಸುಂಕ ಕಟ್ಟಬೇಕೆಂದರೆ ಇನ್ನೇನು ಮಾಡಿಯಾರು? ಫ್ರಾನ್ಸಿನಲ್ಲೂ 1798ರಿಂದ 1926ರವರೆಗೆ ಬಾಗಿಲು ಕಿಟಕಿಗಳ ತೆರಿಗೆ ಇತ್ತು. ಕಾನೂನು ಮಾಡುವವರೂ ತೆರಿಗೆಯವರೂ ಕಿಟಕಿಯನ್ನು ನೋಡಿದ್ದು ಬೀದಿಯಲ್ಲಿ ನಿಂತು. ಒಳಗಿನಿಂದ ಅದನ್ನು ನೋಡುತ್ತಿದ್ದ ಮನೆಗೆಲಸದ ಹುಡುಗಿಯನ್ನು ಕೇಳಿದವರಿಲ್ಲ.

ಇಂಗ್ಲಿಷ್ ಕಡಲ್ಗಾಲುವೆ ದಾಟಿದರೆ ಬೇರೆಯೇ ಲೋಕ. ಫ್ರಾನ್ಸ್, ಇಟಲಿ, ಆಸ್ಟ್ರಿಯ, ಜರ್ಮನಿಯ ಬಹುಭಾಗದಲ್ಲಿ ಕಿಟಕಿಯ ಕದ ಒಳಕ್ಕೆ ತೆರೆಯುತ್ತದೆ. ಕಾರಣ, ಬಿಸಿಲಿಗೂ ಚಳಿಗೂ ಕಳ್ಳನಿಗೂ ಅಡ್ಡವಾಗಿ ಅವರು ಹೊರಗಡೆ ಮರದ ಇನ್ನೊಂದು ಕದ ಹಾಕುತ್ತಿದ್ದರು. ಗಾಜಿನ ಕದ ಒಳಕ್ಕೆ ಬಾರದೆ ಗತ್ಯಂತರವಿಲ್ಲ. ಅದೃಷ್ಟವೋ ಜಾಣತನವೋ, ಒರೆಸುವವಳು ಕೋಣೆಯ ನೆಲದ ಮೇಲೆ ನಿಂತು ಎರಡೂ ಮುಖ ಒರೆಸಬಹುದು. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನರು ಇದನ್ನೇ ತಿದ್ದಿ, ಒಂದೇ ಹಿಡಿಯಿಂದ ಎರಡು ಬಗೆಯಾಗಿ ತೆರೆಯುವ ಕಿಟಕಿ ಮಾಡಿದರು. ಹಿಡಿ ಕೆಳಗಿದ್ದರೆ ಭದ್ರ, ಅಡ್ಡಕ್ಕೆ ತಿರುಗಿಸಿದರೆ ಬಾಗಿಲಿನಂತೆ ಒಳಕ್ಕೆ, ಮೇಲಕ್ಕೆ ತಿರುಗಿಸಿದರೆ ತಲೆಯ ಭಾಗ ಮಾತ್ರ ಒಳಕ್ಕೆ ವಾಲುತ್ತದೆ. ಯುದ್ಧದ ನಂತರ ಆ ದೇಶದ ತುಂಬ ಇದೇ. ಅಲ್ಲಿಗೆ ಹೋದ ನಮ್ಮವರು ಮೊದಲ ಸಲ ಹಿಡಿ ತಪ್ಪು ತಿರುಗಿಸಿ, ಕಿಟಕಿ ಕಳಚಿ ಮೈಮೇಲೆ ಬಿತ್ತೆಂದು ಹೌಹಾರುವುದುಂಟು. ತಾಪತ್ರಯ ಒಂದೇ: ಕಿಟಕಿ ಕಟ್ಟೆಯ ಮೇಲೆ ತುಳಸಿ ಕುಂಡ ಇಡುವಂತಿಲ್ಲ, ಪ್ರತಿ ಸಲವೂ ಎತ್ತಿಡಬೇಕು. ಅದೇ ಜರ್ಮನಿಯ ಉತ್ತರದ ಕಡಲತೀರದಲ್ಲಿ ಮತ್ತು ಡೆನ್ಮಾರ್ಕಿನಲ್ಲಿ ಕದ ಹೊರಕ್ಕೆ ತೆರೆಯುತ್ತದೆ. ಸಮುದ್ರದ ಬಿರುಗಾಳಿ ಬೀಸಿದಷ್ಟೂ ಅದು ಚೌಕಟ್ಟಿಗೆ ಒತ್ತಿಕೊಂಡು ಇನ್ನಷ್ಟು ಭದ್ರವಾಗುತ್ತದೆ. ಒರೆಸುವುದು ಕಷ್ಟವಾಯಿತಲ್ಲ ಎಂದು ಕೊನೆಗೆ ಅವರೂ ಯೋಚಿಸಿದರು. 1940ರ ದಶಕದಲ್ಲಿ ಡೆನ್ಮಾರ್ಕಿನ ವೆಲಕ್ಸ್ ಕಂಪನಿ ಛಾವಣಿಗೆ ಹಾಕಲು ತಂದ ಕಿಟಕಿ ನಟ್ಟನಡುವಿನ ಅಚ್ಚಿನ ಮೇಲೆ ತಿರುಗಿ ಹೊರಮುಖವನ್ನು ಒಳಕ್ಕೆ ತಂದುಕೊಡುತ್ತದೆ.

ವಿಷಯ ಸ್ವಲ್ಪ ದೂರ ಹೋಯಿತು, ಹಡ್ಸನ್ ನದಿಯ ದಡಕ್ಕೆ ವಾಪಸು ಬರೋಣ.

ಇಂಗ್ಲಿಷರ ಸ್ಯಾಷ್ ಕಿಟಕಿ ವಸಾಹತಿನ ಕಾಲದಲ್ಲೇ ಅಟ್ಲಾಂಟಿಕ್ ದಾಟಿ ಬಂತು. ಬಂದದ್ದು ಇಲ್ಲೇ ಬೇರು ಬಿಟ್ಟಿತು. ಅದಕ್ಕೆ ಒಳ್ಳೆಯ ಕಾರಣಗಳಿದ್ದವು. ಬೇಸಿಗೆಯಲ್ಲಿ ಮೇಲಿನ ಕದವನ್ನು ಸ್ವಲ್ಪ ಇಳಿಸಿ ಕೆಳಗಿನದನ್ನು ಸ್ವಲ್ಪ ಏರಿಸಿದರೆ ಬಿಸಿಗಾಳಿ ಮೇಲಿಂದ ಹೋಗಿ ತಂಪುಗಾಳಿ ಕೆಳಗಿಂದ ಬರುತ್ತದೆ. ಕದ ಹೊರಕ್ಕೆ ಚಾಚುವುದಿಲ್ಲವಾದ್ದರಿಂದ ಬೀದಿಯವರ ತಲೆಗೆ ತಾಗುವುದಿಲ್ಲ, ಬೆಂಕಿ ಬಿದ್ದರೆ ಇಳಿಯುವ ಕಬ್ಬಿಣದ ಮೆಟ್ಟಿಲಿಗೂ ಅಡ್ಡವಾಗುವುದಿಲ್ಲ. ಹೊರಗಡೆ ಸೊಳ್ಳೆಯ ಜಾಲರಿ ಹಾಕಬಹುದು, ಚಳಿಗಾಲಕ್ಕೆ ಇನ್ನೊಂದು ಗಾಜು ಹಾಕಬಹುದು. ಕೊನೆಗೆ ಏರ್ ಕಂಡೀಷನರ್ ಬಂದಾಗ, ಕೆಳಗಿನ ಕದ ಎತ್ತಿ ಪೆಟ್ಟಿಗೆ ಕೂರಿಸಿ ಕದ ಇಳಿಸಿದರೆ ಆಯಿತು. ಇಷ್ಟೆಲ್ಲ ಉಪಕಾರ ಮಾಡುವ ಕಿಟಕಿಯನ್ನು ಬಿಡುವವರು ಯಾರು?

ನ್ಯೂಯಾರ್ಕಿನ ಬಡವರ ವಠಾರಗಳಲ್ಲಿ ಕಿಟಕಿ ಎಂಬುದೇ ಹೋರಾಡಿ ಪಡೆಯಬೇಕಾದ ವಸ್ತುವಾಗಿತ್ತು. 1879ರ ಕಾನೂನು ಪ್ರತಿ ಕೋಣೆಗೂ ಕಿಟಕಿ ಬೇಕೆಂದಾಗ ಮಾಲೀಕರು ಎರಡು ಕಟ್ಟಡಗಳ ಮಧ್ಯೆ ಬಾವಿಯಂಥ ಇಕ್ಕಟ್ಟು ಸಂದಿ ಬಿಟ್ಟು, ಅದರೊಳಕ್ಕೆ ಕಿಟಕಿ ಇಟ್ಟರು. ಬೆಳಕಿಗೆ ಬದಲು ಕಸ ಬಿತ್ತು, ಬೆಂಕಿ ಬಿದ್ದಾಗ ಅದೇ ಚಿಮಣಿಯಾಯಿತು. 1901ರ ಕಾನೂನು ಇದನ್ನು ನಿಲ್ಲಿಸಿ ದೊಡ್ಡ ಅಂಗಳಗಳನ್ನು ಬಿಡಿಸಿತು. ಹಳೆಯ ಕಟ್ಟಡಗಳ ಒಳಗೋಡೆಗಳಿಗೂ ಕಿಟಕಿ ಕೊರೆಯಿಸಿತು. ಮ್ಯಾನ್‌ಹಟನ್ನಿನ 97, ಆರ್ಚರ್ಡ್ ಬೀದಿಯಲ್ಲಿ, 1863ರಲ್ಲಿ ಕಟ್ಟಿದ ವಠಾರವೊಂದು ಈಗ ವಸ್ತುಸಂಗ್ರಹಾಲಯ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ತೆರೆಯುವ ಕಿಟಕಿಗಳನ್ನು ಅಲ್ಲಿ ಕಾಣಬಹುದು. ಮಕ್ಕಳನ್ನು ಕರೆದುಕೊಂಡು ಹೋಗಲು ಯೋಗ್ಯವಾದ ಜಾಗ.

ಈಗ ಅಮ್ಮನ ಪ್ರಶ್ನೆಗೆ ಬಂದೆವು. ಮೇಲೆ ಕೆಳಗೆ ಸರಿಯುವ ಈ ಕಿಟಕಿಯ ಹೊರಮುಖವನ್ನು ಒರೆಸುವುದು ಹೇಗೆ? ಹಳೆಯ ಪದ್ಧತಿ ಹೀಗೆ. ಕೆಳಗಿನ ಕದ ಎತ್ತಿ, ಕಿಟಕಿ ಕಟ್ಟೆಯ ಮೇಲೆ ಬೆನ್ನು ಬೀದಿಗೆ ಮಾಡಿ ಕುಳಿತುಕೊಳ್ಳಬೇಕು. ಕಾಲುಗಳು ಮನೆಯೊಳಗೆ, ಸೊಂಟದಿಂದ ಮೇಲೆ ಮೈಯೆಲ್ಲ ಹೊರಗೆ. ಆಮೇಲೆ ಕದವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು, ಒಂದು ಕೈಯಲ್ಲಿ ಅದನ್ನೇ ಹಿಡಿದು, ಇನ್ನೊಂದು ಕೈಯಲ್ಲಿ ಒರೆಸಬೇಕು. ಮೇಲಿನ ಕದವನ್ನು ಕೆಳಕ್ಕಿಳಿಸಿ ಕೆಲಸ ಹಗುರ ಮಾಡಿಕೊಳ್ಳೋಣವೆಂದರೆ, ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಅದು ಬಣ್ಣದ ಮೇಲೆ ಬಣ್ಣ ಬಳಿಸಿಕೊಂಡು ಚೌಕಟ್ಟಿಗೆ ಅಂಟಿ ಕುಳಿತಿರುತ್ತದೆ. ಹೆಸರಿಗೆ ಮಾತ್ರ ಡಬಲ್. ನಾಲ್ಕನೆಯ, ಐದನೆಯ ಮಹಡಿಯಲ್ಲಿ ಹೀಗೆ ಕುಳಿತವರ ಜೀವಕ್ಕೆ ಆಧಾರ ಅವರ ತೊಡೆಗಳು ಮಾತ್ರ.

ಕುಳಿತವರು ಯಾರು? 1935ರ ನವೆಂಬರ್ ತಿಂಗಳ ದಿ ಕ್ರೈಸಿಸ್ ಪತ್ರಿಕೆಯಲ್ಲಿ ಎಲ್ಲಾ ಬೇಕರ್ ಮತ್ತು ಮಾರ್ವೆಲ್ ಕುಕ್ ಎಂಬ ಇಬ್ಬರು ಕಪ್ಪು ಮಹಿಳೆಯರು ಒಂದು ಲೇಖನ ಬರೆದರು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಕೆಲಸವಿಲ್ಲದ ಕಪ್ಪು ಹೆಂಗಸರು ಬೆಳಿಗ್ಗೆ ಬ್ರಾಂಕ್ಸಿನ ಬೀದಿಮೂಲೆಗಳಲ್ಲಿ ಬಂದು ನಿಲ್ಲುತ್ತಿದ್ದರು. ಮನೆಯೊಡತಿಯರು ಬಂದು, ಚೌಕಾಸಿ ಮಾಡಿ, ಗಂಟೆಗೆ 15ರಿಂದ 30 ಸೆಂಟಿಗೆ ಕರೆದುಕೊಂಡು ಹೋಗುತ್ತಿದ್ದರು. ಲೇಖಕಿಯರು ಇದನ್ನು ಗುಲಾಮರ ಸಂತೆ ಎಂದೇ ಕರೆದರು. 1940ರಲ್ಲಿ ಡೈಲಿ ವರ್ಕರ್ ಪತ್ರಿಕೆ ಇದೇ ಸಂತೆಯ ಬಗ್ಗೆ ಬರೆದಾಗ, ಈ ಹೆಂಗಸರು ಕಿಟಕಿ ಕಟ್ಟೆಗಳಿಂದ ಹೊರಕ್ಕೆ ಜೋತು ಒಂದಾದ ಮೇಲೊಂದು ಕಿಟಕಿ ಒರೆಸುವುದನ್ನು ಎತ್ತಿ ಹೇಳಿತು. ಬ್ರಾಂಕ್ಸಿನ ಆ ಕಟ್ಟಡಗಳಲ್ಲಿ ಎಷ್ಟೋ ಈಗಲೂ ಇವೆ. ಆ ಕಡೆ ಹೋದಾಗ ಐದನೆಯ ಮಹಡಿಯತ್ತ ಒಮ್ಮೆ ತಲೆ ಎತ್ತಿ ನೋಡಿ.

ಇಲ್ಲಿ ರಸಾಯನಶಾಸ್ತ್ರದ ಒಂದು ಪ್ಯಾರಾ ಸಹಿಸಿಕೊಳ್ಳಬೇಕು. ಇಷ್ಟು ಅಪಾಯವಿದ್ದರೆ ಒರೆಸದೆಯೇ ಬಿಡಬಾರದೇ ಎಂದು ಕೇಳಬಹುದು. ಕಿಟಕಿಯ ಗಾಜಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಭಾಗ ಮರಳಿನ ಸಿಲಿಕ, ಉಳಿದದ್ದರಲ್ಲಿ ಮುಖ್ಯವಾಗಿ ಸೋಡ ಮತ್ತು ಸುಣ್ಣ. ಗಾಜು ನೀರಿಗೆ ಜಗ್ಗದ ವಸ್ತು ಎಂದು ನಾವು ತಿಳಿಯುತ್ತೇವೆ, ಅದು ಪೂರ್ತಿ ನಿಜವಲ್ಲ. ನೀರು ಗಾಜಿನ ಮೇಲೆ ನಿಂತರೆ ಸೋಡಿಯಂ ನಿಧಾನವಾಗಿ ಹೊರಬರುತ್ತದೆ. ಆ ನೀರಿನ ತೆಳುಪದರ ಕ್ಷಾರವಾಗುತ್ತದೆ, ಕ್ಷಾರ ಹೆಚ್ಚಾದಂತೆ ಸಿಲಿಕವನ್ನೇ ಕರಗಿಸತೊಡಗುತ್ತದೆ. ಮಳೆ ಬಂದು ತೊಳೆದರೆ ಚಿಂತೆಯಿಲ್ಲ, ಆದರೆ ಧೂಳು ತೇವವನ್ನು ಹಿಡಿದಿಟ್ಟುಕೊಂಡರೆ ವರ್ಷಗಳಲ್ಲಿ ಗಾಜು ಮಂಜಾಗುತ್ತದೆ. ಕಾಂಕ್ರೀಟು, ಗಾರೆಗಳ ಮೇಲಿಂದ ಹರಿದು ಬಂದ ನೀರು ಇನ್ನೂ ಕೆಟ್ಟದ್ದು, ಅದು ಮೊದಲೇ ಕ್ಷಾರ. ಆ ಮಂಜನ್ನು ಯಾವ ಸೋಪೂ ತೆಗೆಯಲಾರದು, ಗಾಜೇ ಸವೆದಿರುತ್ತದೆ. ಆದ್ದರಿಂದ ಆಗಾಗ ಒರೆಸುವುದು ಗಾಜನ್ನು ಉಳಿಸುವ ಕೆಲಸವೂ ಹೌದು. ಬಿಳಿಯ ನೀರಿನ ಕಲೆಗೆ ವಿನೆಗರ್ ಸಾಕು, ಅದು ಸುಣ್ಣದ ಕಲೆ. ಅಡಿಗೆಮನೆಯ ಜಿಡ್ಡಿಗೆ ಅಮೋನಿಯ ಒಳ್ಳೆಯದು. ಜಿಡ್ಡು ಬಿಡಿಸಿ ತಾನೂ ಆವಿಯಾಗಿ ಹೋಗುತ್ತದೆ. ಅಮೋನಿಯ ಇರುವ ದ್ರವಕ್ಕೆ ಬ್ಲೀಚ್ ಮಾತ್ರ ಎಂದಿಗೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ನ್ಯೂಯಾರ್ಕಿನ ಕಚೇರಿ ಕಟ್ಟಡಗಳು ಎತ್ತರವಾದಂತೆ ಕಿಟಕಿ ಒರೆಸುವುದು ಒಂದು ಕಸುಬಾಯಿತು, ಕಸುಬಿಗೆ ಸಂಘ ಬಂತು. ಕಿಟಕಿಯ ಇಕ್ಕೆಲಗಳಲ್ಲಿ ಗೋಡೆಗೆ ಲೋಹದ ಗುಬ್ಬಿಗಳನ್ನು ಬಡಿದಿರುತ್ತಿದ್ದರು. ಕೆಲಸಗಾರ ಸೊಂಟದ ಪಟ್ಟಿಯ ಎರಡು ತುದಿಗಳನ್ನು ಅವಕ್ಕೆ ಸಿಕ್ಕಿಸಿ, ಹೊರಗಿನ ಕಟ್ಟೆಯ ಮೇಲೆ ನಿಂತು, ಹಿಂದಕ್ಕೆ ವಾಲಿ ಒರೆಸುತ್ತಿದ್ದ. ಗುಬ್ಬಿ ತುಕ್ಕು ಹಿಡಿದಿದ್ದರೆ ಅವನ ಕತೆ ಮುಗಿದಂತೆ. ಹೊರಗಿನಿಂದ ಕಿಟಕಿ ಒರೆಸುವವರಿಗೆ ಸುರಕ್ಷಿತ ಏರ್ಪಾಟು ಮಾಡುವ ಹೊಣೆ ಕಟ್ಟಡದ ಮಾಲೀಕನದೂ ಹೌದು ಎಂದು ನ್ಯೂಯಾರ್ಕ್ ರಾಜ್ಯದ ಕಾರ್ಮಿಕ ಕಾನೂನಿನ 202ನೆಯ ಕಲಮು ಹೇಳುತ್ತದೆ. ಇಂಥ ಕಲಮುಗಳು ಸುಮ್ಮನೆ ಹುಟ್ಟುವುದಿಲ್ಲ. 1931ರ ಮೇ 1ರಂದು ತೆರೆದ ಎಂಪೈರ್ ಸ್ಟೇಟ್ ಕಟ್ಟಡದಲ್ಲಿ 6,500ಕ್ಕೂ ಹೆಚ್ಚು ಕಿಟಕಿಗಳು, ಎಲ್ಲವೂ ಸರಿಯುವ ಕದದವು. ಅವನ್ನು ದಶಕಗಳ ಕಾಲ ಹೀಗೆ ಪಟ್ಟಿ ಕಟ್ಟಿಕೊಂಡ ಮನುಷ್ಯರೇ ಒರೆಸಿದರು. ಅವರ ಕೈಯ ಉಪಕರಣವನ್ನು ಹಗುರ ಮಾಡಿದವನೂ ಒಬ್ಬ ವಲಸಿಗನೇ. ಇಟಲಿಯಿಂದ ಬಂದು ಕ್ಯಾಲಿಫೋರ್ನಿಯದಲ್ಲಿ ಕಿಟಕಿ ಒರೆಸುತ್ತಿದ್ದ ಎಟ್ಟೊರೆ ಸ್ಟೆಕ್ಕೋನೆ 1936ರಲ್ಲಿ ಹಿತ್ತಾಳೆಯ ಹಿಡಿ, ಒಂದೇ ರಬ್ಬರಿನ ಅಂಚು ಇರುವ ಸ್ಕ್ವೀಜಿಯನ್ನು ರೂಪಿಸಿದ. ಇಂದಿಗೂ ಎಲ್ಲರ ಕೈಯಲ್ಲಿರುವುದು ಅದೇ ನಮೂನೆ.

ಆಮೇಲೆ 1952ರಲ್ಲಿ ಪಾರ್ಕ್ ಅವೆನ್ಯೂದಲ್ಲಿ ಲೀವರ್ ಹೌಸ್ ಎದ್ದು ನಿಂತಿತು. ನಮ್ಮೂರಿನ ಲೈಫ್‌ಬಾಯ್, ಸರ್ಫ್‌ಗಳ ಲೀವರ್ ಕಂಪನಿಯೇ. ಗಾರ್ಡನ್ ಬನ್‌ಶಾಫ್ಟ್ ವಿನ್ಯಾಸ ಮಾಡಿದ, ಹಸಿರು ಛಾಯೆಯ ಗಾಜಿನ ಗೋಡೆಯ ಈ ಕಟ್ಟಡದಲ್ಲಿ ಒಂದು ಕಿಟಕಿಯೂ ತೆರೆಯುವುದಿಲ್ಲ. ಒಳಗೆ ಯಂತ್ರದ ಗಾಳಿ. ಹೊರಗಿನ ಮಸಿ ಒಳಗೆ ಬರಬಾರದು. ಒರೆಸುವುದಕ್ಕೆ ಛಾವಣಿಯ ಮೇಲೆ ಹಳಿ, ಹಳಿಯ ಮೇಲೆ ಗಾಡಿ, ಗಾಡಿಯಿಂದ ಇಳಿಬಿಟ್ಟ ತೊಟ್ಟಿಲು. ಸೋಪಿನ ಕಂಪನಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ, ಬೀದಿಯಲ್ಲಿ ಹೋಗುವವರೆಲ್ಲ ತಲೆ ಎತ್ತಿ ನೋಡುತ್ತಿದ್ದರು! ಕಿಟಕಿ ಒರೆಸುವವನ ಬಗ್ಗೆ ಕಟ್ಟುವ ಮುಂಚೆಯೇ ಯೋಚಿಸಿದ ಕಟ್ಟಡ ಎಂದು ಇದಕ್ಕೆ ಗೌರವ ಸಲ್ಲಬೇಕು. ಆದರೆ ತೆರೆಯದ ಕಿಟಕಿಗೆ ತನ್ನದೇ ಆದ ಭಯವಿದೆ. ಈ ಗಾಜಿನ ಗೋಡೆ ಮುಂದೆ ಬೆಂಗಳೂರಿಗೂ ಹೋಯಿತು. ವರ್ಷದ ಬಹುಭಾಗ ಕಿಟಕಿ ತೆರೆದಿಟ್ಟರೆ ಸಾಕಾಗುವ ಊರಿಗೆ ಅದು ಯಾತಕ್ಕೆ ಬೇಕಾಗಿತ್ತೋ ನನಗಂತೂ ಅರ್ಥವಾಗಿಲ್ಲ. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಎದ್ದಾಗ ಹೊಗೆಗೆ ಉಸಿರುಕಟ್ಟಿದವರು ಗಾಜು ಒಡೆದು ಕೆಳಕ್ಕೆ ಹಾರಿದರು. ಆ ದಿನ ಒಂಬತ್ತು ಮಂದಿ ತೀರಿಕೊಂಡರು.

ಸರಳಿನ ಮಾತು ನೆನಪಿಡಿ ಎಂದಿದ್ದೆ. ಸರಳಿಲ್ಲದ, ಕೆಳಗಿನಿಂದ ತೆರೆಯುವ ಕಿಟಕಿಯ ಇನ್ನೊಂದು ಬೆಲೆಯನ್ನು ತೆತ್ತವರು ಮಕ್ಕಳು. ಬೇಸಿಗೆಯಲ್ಲಿ ಕದ ಎತ್ತಿಟ್ಟ ಕಿಟಕಿಗಳಿಂದ ಬ್ರಾಂಕ್ಸಿನ ಮಕ್ಕಳು ಬೀಳುತ್ತಿದ್ದರು. 1970ರ ದಶಕದ ಆರಂಭದಲ್ಲಿ ನಗರದ ಆರೋಗ್ಯ ಇಲಾಖೆ, ಮಕ್ಕಳು ಹಾರಲಾರರು ಎಂಬ ಅರ್ಥದ ಹೆಸರಿಟ್ಟು ಒಂದು ಕಾರ್ಯಕ್ರಮ ಆರಂಭಿಸಿತು. ಮನೆಮನೆಗೆ ಹೋಗಿ ತಿಳಿಸಿದರು, ಬಡವರಿಗೆ ಉಚಿತವಾಗಿ ಕಿಟಕಿಯ ಕಂಬಿಗಳನ್ನು ಕೊಟ್ಟರು. ಬೀಳುವ ಮಕ್ಕಳ ಸಂಖ್ಯೆ ಎದ್ದು ಕಾಣುವಂತೆ ಇಳಿಯಿತು. 1976ರಲ್ಲಿ ಅದು ಕಾನೂನಾಯಿತು: ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡದಲ್ಲಿ, 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿರುವ ಮನೆಯ ಕಿಟಕಿಗಳಿಗೆ ಮಾಲೀಕ ಕಂಬಿ ಹಾಕಿಸಬೇಕು, ಸಂದಿ ನಾಲ್ಕೂವರೆ ಅಂಗುಲ ಮೀರಬಾರದು. ಬೆಂಕಿಯ ಮೆಟ್ಟಿಲಿಗೆ ತೆರೆಯುವ ಕಿಟಕಿಗೆ ಮಾತ್ರ ಹಾಕಬಾರದು. ನ್ಯೂಜೆರ್ಸಿಯಲ್ಲೂ ಬಾಡಿಗೆದಾರರು ಬರೆದು ಕೇಳಿದರೆ ಮಾಲೀಕರು ಹಾಕಿಸಿಕೊಡಬೇಕೆಂಬ ನಿಯಮ ಬಂದಿದೆ. ಹೊಸದಾಗಿ ಬಂದು ಅಪಾರ್ಟ್‌ಮೆಂಟು ಹಿಡಿದ, ಚಿಕ್ಕ ಮಕ್ಕಳಿರುವ ನಮ್ಮ ಸದಸ್ಯರು ಸಂಕೋಚಪಡದೆ ಕೇಳಿ ಹಾಕಿಸಿಕೊಳ್ಳಬೇಕು. ಸರಳೇ ಇಲ್ಲವಲ್ಲ ಎಂದ ನಮ್ಮ ಹಿರಿಯರ ಮಾತಿಗೆ ನ್ಯೂಯಾರ್ಕ್ ನಗರವೇ ಹೀಗೆ ತಲೆದೂಗಿತು, ಕಾರಣ ಮಾತ್ರ ಬೇರೆ.

ನಮ್ಮಲ್ಲಿ ಎಡಿಸನ್, ಪಾರ್ಸಿಪನಿ ಕಡೆ ಮನೆ ಕೊಂಡವರಿಗೆ ಈ ಕಷ್ಟ ಬಹುಮಟ್ಟಿಗೆ ತಪ್ಪಿದೆ. ಈಚಿನ ಸ್ಯಾಷ್ ಕಿಟಕಿಗಳಲ್ಲಿ ಗುಂಡು ಹಗ್ಗಗಳ ಬದಲು ಸ್ಪ್ರಿಂಗು ಇದೆ, ಕದದ ಮೇಲಂಚಿನಲ್ಲಿ ಎರಡು ಪುಟ್ಟ ಚಿಲಕಗಳಿವೆ. ಕದವನ್ನು ಸ್ವಲ್ಪ ಏರಿಸಿ, ಎರಡನ್ನೂ ಒಟ್ಟಿಗೆ ಒಳಕ್ಕೆ ಒತ್ತಿ ಎಳೆದರೆ ಕದ ತೊಟ್ಟಿಲಿನಂತೆ ಒಳಕ್ಕೆ ಮಲಗುತ್ತದೆ. ಮೊದಲು ಕೆಳಗಿನದು, ಆಮೇಲೆ ಮೇಲಿನದು. ಅಮ್ಮನ ಪ್ರಶ್ನೆಗೆ ಉತ್ತರ ಇದೇ. ಇದನ್ನು ತಿಳಿಯದೆ ಹೊರಗಡೆ ಏಣಿ ಇಟ್ಟು ಹತ್ತುವವರನ್ನು ನಾನು ನೋಡಿದ್ದೇನೆ.

ಆದರೆ ಎಲ್ಲರಿಗೂ ತಪ್ಪಿಲ್ಲ. ಸಿಂಗಪುರದ ಎತ್ತರದ ವಸತಿಗಳಲ್ಲಿ ಹೊರಕ್ಕೆ ತೆರೆಯುವ ಕಿಟಕಿ ಒರೆಸುತ್ತ ಬಿದ್ದು ಸತ್ತ ಮನೆಗೆಲಸದ ಪರದೇಶಿ ಹೆಂಗಸರು ಹಲವರು, ಅವರಲ್ಲಿ ಇಂಡೊನೇಷ್ಯದವರು ಹೆಚ್ಚು. ಗ್ರಿಲ್ಲಿಗೆ ಬೀಗ ಹಾಕಿರದೆ, ಮನೆಯ ಹಿರಿಯರೊಬ್ಬರು ಎದುರಿಗೆ ಇರದೆ ಅವರಿಂದ ಹೊರಗಿನ ಗಾಜು ಒರೆಸಿಸಕೂಡದು ಎಂದು ಅಲ್ಲಿನ ಸರ್ಕಾರ 2012ರಲ್ಲಿ ನಿಯಮ ಮಾಡಿತು. ಹಾಂಕಾಂಗಿನಲ್ಲಿ ಇಂಥದೇ ಷರತ್ತು 2017ರಿಂದ ಕೆಲಸದ ಕರಾರಿನಲ್ಲೇ ಸೇರಿತು. ಬ್ರಾಂಕ್ಸಿನ ಬೀದಿಮೂಲೆಗೂ ಈ ಊರುಗಳಿಗೂ ನಡುವೆ ಹೆಚ್ಚುಕಡಿಮೆ ಎಂಬತ್ತು ವರ್ಷ.

ಕೊನೆಯದಾಗಿ ನಮ್ಮ ಕಣ್ಣೆದುರಿನ ಎರಡು ಸಂಗತಿಗಳು. ಹಳೆಯ ವರ್ಲ್ಡ್ ಟ್ರೇಡ್ ಸೆಂಟರಿನ ಕಿಟಕಿಗಳು ಬರೀ ಒಂದೂವರೆ ಅಡಿ ಅಗಲದವು, ತೆರೆಯದಂಥವು. ಹೊರಗೋಡೆಯ ಹಳಿಗಳಲ್ಲಿ ಯಂತ್ರವೇ ಇಳಿದು ಒರೆಸುತ್ತಿತ್ತು. ಆದರೂ ಯಂತ್ರಕ್ಕೆ ಎಟುಕದ ಗಾಜುಗಳಿಗೆ ಮನುಷ್ಯರು ಬೇಕಾಗಿತ್ತು. ಅವರಲ್ಲೊಬ್ಬ ಯಾನ್ ಡೆಮ್‌ಚುರ್. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಉತ್ತರ ಗೋಪುರದ ಲಿಫ್ಟಿನಲ್ಲಿ ಅವನೂ ಇನ್ನೈವರೂ ಸಿಕ್ಕಿಬಿದ್ದರು. ಬಾಗಿಲು ಬಲವಂತದಿಂದ ತೆರೆದರೆ ಎದುರಿಗೆ ಬರೀ ಗೋಡೆ. ಡೆಮ್‌ಚುರ್ ತನ್ನ ಸ್ಕ್ವೀಜಿಯ ಲೋಹದ ಅಂಚಿನಿಂದ ಆ ಗೋಡೆಯನ್ನು ಕೆರೆಯತೊಡಗಿದ. ಅಂಚು ಕೈಜಾರಿ ಕೆಳಗಿನ ಕತ್ತಲಿಗೆ ಬಿತ್ತು. ಉಳಿದ ಹಿಡಿಯಿಂದಲೇ ಮುಂದುವರಿಸಿದ. ಸರದಿಯ ಮೇಲೆ ಕೊರೆದು, ಒದ್ದು, ಆರು ಮಂದಿಯೂ 50ನೆಯ ಮಹಡಿಯ ಶೌಚಾಲಯದೊಳಕ್ಕೆ ತೂರಿಕೊಂಡು ಬಂದು, ಗೋಪುರ ಕುಸಿಯುವ ಮುಂಚೆ ಬೀದಿ ಸೇರಿದರು. ಆ ಹಿಡಿ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ಸಂಗ್ರಹಾಲಯದಲ್ಲಿದೆ.

ಅದೇ ಜಾಗದಲ್ಲಿ ಹೊಸ ಗೋಪುರ ತೆರೆದದ್ದು 2014ರ ನವೆಂಬರ್ 3ರಂದು. ಒಂಬತ್ತು ದಿನ ಕಳೆದು, ನವೆಂಬರ್ 12ರಂದು, ಕಿಟಕಿ ಒರೆಸುತ್ತಿದ್ದ ಇಬ್ಬರ ತೊಟ್ಟಿಲಿನ ಒಂದು ಕಡೆಯ ಹಗ್ಗ ಸಡಿಲಿ, 68ನೆಯ ಮಹಡಿಯ ಎತ್ತರದಲ್ಲಿ ಅದು ಕಡಿದಾಗಿ ವಾಲಿ ನಿಂತಿತು. ಗಾಜಿನ ಆಚೆಗೆ ಅವರು, ಈಚೆಗೆ ಕೈಯಳತೆಯಲ್ಲಿ ಅಗ್ನಿಶಾಮಕ ದಳದವರು. ತೆರೆಯಲು ಹಿಡಿಯಿಲ್ಲ, ಚಿಲಕವಿಲ್ಲ, ಬಿಜಾಗರಿಯಿಲ್ಲ. ವಜ್ರದ ಅಲಗಿನ ಗರಗಸ ತಂದು ದಪ್ಪ ಜೋಡಿ ಗಾಜನ್ನು ಪದರ ಪದರವಾಗಿ ಕೊಯ್ದರು. ಸುಮಾರು ಎರಡು ಗಂಟೆ ನೇತಾಡಿದ ಮೇಲೆ ಇಬ್ಬರೂ ಆ ಕಿಂಡಿಯಿಂದ ಒಬ್ಬರ ಹಿಂದೊಬ್ಬರು ಒಳಕ್ಕೆ ತೆವಳಿಕೊಂಡು ಬಂದರು.